ಹುಲ್ಲಿನ ಮುಯ್ಯಿ

"ಹುಲ್ಲಿಗೂ ವಿಶ್ರಾಂತಿ ಬೇಕು" ಎಂದು ನಾನು ಹೇಳಿ ಮುಗಿಸುವುದರೊಳಗೆ ಭಟ್ಕಳದ ಚಾವಡಿಯಲ್ಲಿ ಒಬ್ಬರು ಕೆಮ್ಮಿದರು, ಇನ್ನೊಬ್ಬರು ನಕ್ಕರು, ಆಮೇಲೆ ಕೂತವರೆಲ್ಲ ನಕ್ಕರು. ಮುಂದಿನ ಸಾಲಿನಲ್ಲಿ ನವಾಯತ ಹಿರಿಯರೊಬ್ಬರಿದ್ದರು, ಮನೆಯ ಹಾಲಿಗೆಂದು ಐದಾರು ದನ ಸಾಕಿಕೊಂಡವರು. ಟೋಪಿ ಸರಿಮಾಡಿಕೊಂಡು ಕೇಳಿದರು: "ಸಾಬ್, ಹುಲ್ಲಿಗೆ ರಜೆ ಕೊಟ್ರೆ ನಮ್ಮ ದನ ನಿಮ್ಮ ಆಫೀಸಿಗೆ ಬಂದು ಊಟ ಮಾಡೂದಾ?"

ನನ್ನ ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುವಂಥದ್ದು. ಆದರೂ ಆ ಪ್ರಶ್ನೆಗೆ ನನಗೇ ನಗು ಬಂತು. ನಕ್ಕ ಮೇಲೆ ಸಿಟ್ಟು ಮಾಡುವುದು ಹೇಗೆ? ಗೋಡೆಗೆ ತೂಗುಹಾಕಿದ್ದ ನಕ್ಷೆಯನ್ನು ಸುತ್ತಿಟ್ಟು, ಅವರು ತರಿಸಿಕೊಟ್ಟ ಚಾ ಕುಡಿದು, ಮೊದಲ ದಿನದ ತರಬೇತಿಯನ್ನು ಅಲ್ಲಿಗೇ ಮುಗಿಸಿದೆ.

ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆ ಅದು. ಅರಣ್ಯ ಇಲಾಖೆಯಲ್ಲಿ ಫಾರೆಸ್ಟರ್ ಆಗಿದ್ದ ನನಗೆ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ತಿರುಗಿ, ದನ ಸಾಕುವವರಿಗೂ ನಮ್ಮದೇ ಗಾರ್ಡುಗಳಿಗೂ ಮೇವಿನ ಹೊಸ ನಿಯಮ ಕಲಿಸುವ ಕೆಲಸ ಬಿದ್ದಿತ್ತು. ನಿಯಮ ಹೇಳುವುದಕ್ಕೆ ಸುಲಭ. ಪ್ರತಿ ಊರಿನ ಬೇಣವನ್ನು, ಅಂದರೆ ಮನೆಗಳ ಹಿಂದಿನ ಗುಡ್ಡದ ಹುಲ್ಲುಗಾವಲನ್ನು, ನಾಲ್ಕು ತುಂಡು ಮಾಡಬೇಕು. ವರ್ಷಕ್ಕೆ ಒಂದು ತುಂಡನ್ನು ಮೊದಲ ಮಳೆಯಿಂದ ಹುಲ್ಲಿನ ಬೀಜ ಉದುರುವವರೆಗೆ ಮುಚ್ಚಬೇಕು. ಉಳಿದ ಮೂರರಲ್ಲಿ ಊರಿನ ದನವೆಲ್ಲ ಒಟ್ಟಾಗಿ, ಒಂದಾದ ಮೇಲೆ ಒಂದರಲ್ಲಿ ಮೇಯಬೇಕು. ಬೀಜ ಬಿದ್ದ ಮೇಲೆ ಮುಚ್ಚಿದ ತುಂಡಿನ ಬಲಿತ ಕರಡದ ಹುಲ್ಲು ಕೊಯ್ದು ಮನೆಯ ಮಾಡಿಗೆ ಹೊದೆಸಬಹುದು, ದನಕ್ಕೂ ಹಾಕಬಹುದು. ಮರುವರ್ಷ ಮುಚ್ಚುವ ಸರದಿ ಇನ್ನೊಂದು ತುಂಡಿಗೆ.

ಇದರ ಹಿಂದೆ ಒಂದು ಬೆದರಿಕೆಯೂ ಇತ್ತು. ಹುಲ್ಲು ಸತ್ತು ಕಲ್ಲು ಎದ್ದ ಬೇಣಗಳಿಗೆಲ್ಲ ಗಾಳಿಮರದ, ಅಂದರೆ ಸರ್ವೆಯ, ಸಸಿ ಹಾಕಿಸುವುದು ಎಂದು ಮೇಲಿನವರು ತೀರ್ಮಾನ ಮಾಡಿದ್ದರು. ನಿಯಮ ಪಾಲಿಸಿ ಒಂದು ಮಳೆಗಾಲದಲ್ಲಿ ಹುಲ್ಲು ಎಬ್ಬಿಸಿ ತೋರಿಸಿದ ಊರಿಗೆ ಬೇಣ ಉಳಿಯುತ್ತದೆ, ತೋರಿಸದ ಊರಿನ ಗುಡ್ಡಕ್ಕೆ ಸಸಿ ಬಂದು ಕೂರುತ್ತದೆ. ಸಸಿ ಕೂತ ಮೇಲೆ ದನಕ್ಕೆ ಅಲ್ಲಿ ಹಲವು ವರ್ಷ ಪ್ರವೇಶವಿಲ್ಲ. ಮಳೆಗಾಲದಲ್ಲಿ ಗದ್ದೆಯಲ್ಲೆಲ್ಲ ಬತ್ತ ಇರುವಾಗ ಊರಿನ ದನ ಬಾಯಿಡಲು ಬೇಣ ಬಿಟ್ಟರೆ ಬೇರೆ ಜಾಗವೇ ಇಲ್ಲ. ಈ ಮಾತನ್ನು ನಾನು ಎಲ್ಲ ಕಡೆಯೂ ಮೆಲ್ಲಗೆ ಹೇಳಿದೆ. ಮೆಲ್ಲಗೆ ಹೇಳಿದರೂ ಅದು ಬೆದರಿಕೆಯ ಹಾಗೇ ಕೇಳುತ್ತಿತ್ತು. ಮಾವಳ್ಳಿಯಲ್ಲಿ ಒಬ್ಬ ಎದ್ದು ನಿಂತು, "ದೇಶಕ್ಕೆಲ್ಲ ಬಿಡುಗಡೆ ಆತು, ನಮ್ಮ ಬೇಣಕ್ಕೆ ಮಾತ್ರ ಈಗ ಜೈಲು" ಎಂದ. ಜನ ಚಪ್ಪಾಳೆ ತಟ್ಟಿದರು. ನಾನು ಚೀಲ ಹೆಗಲಿಗೇರಿಸಿ ಹೊನ್ನಾವರದ ಬಸ್ಸು ಹಿಡಿದೆ.

ಗಾರ್ಡುಗಳ ತರಬೇತಿ ನಡೆದದ್ದು ಹೊನ್ನಾವರದ ಮರದ ಡಿಪೋದಲ್ಲಿ, ಸಾಗುವಾನಿ ದಿಮ್ಮಿಗಳ ಮೇಲೆ ಕೂತು. ಅಷ್ಟು ದಿನ ಅವರ ಕೆಲಸವೆಂದರೆ ಕಾಡಿಗೆ ಬಂದ ದನವನ್ನು ಹಿಡಿದು ಕೊಂಡವಾಡಕ್ಕೆ, ಅಂದರೆ ಸರಕಾರದ ದೊಡ್ಡಿಗೆ, ಹೊಡೆಯುವುದು. ಈಗ ದನದ ಬದಲು ನೆಲ ನೋಡಬೇಕು ಎಂದರೆ ಅವರಿಗೆ ಅದು ಕೆಳಗಿನ ಹುದ್ದೆಗೆ ಇಳಿಸಿದ ಹಾಗೆ ಕಂಡಿತು. ನಾನು ಬಿದಿರಿನ ಸಲಾಕೆಯಿಂದ ಒಂದು ಚೌಕಟ್ಟು ಮಾಡಿಸಿದ್ದೆ, ಅಗಲ ಉದ್ದ ಎರಡೂ ಒಂದೊಂದು ಮೊಳ. ಅದನ್ನು ಬೆನ್ನ ಹಿಂದಕ್ಕೆ ಎಸೆಯಬೇಕು, ಆರಿಸಿಕೊಂಡು ಇಡಬಾರದು. ಬಿದ್ದ ಜಾಗದಲ್ಲಿ ಚೌಕಟ್ಟಿನೊಳಗೆ ಕರಡ ಎಷ್ಟು, ದನ ಮುಟ್ಟದ ಚಗಟೆ ಗಿಡ ಎಷ್ಟು, ಬರೀ ಕಲ್ಲು ಎಷ್ಟು ಎಂದು ನೋಡಬೇಕು. ಹುಲ್ಲಿನ ಎತ್ತರವನ್ನು ಕೈಬೆರಳಿನಿಂದ ಅಳೆಯಬೇಕು. ನಾಲ್ಕು ಬೆರಳಿಗಿಂತ ಕೆಳಗೆ ಕಚ್ಚಿಸಿಕೊಂಡ ಹುಲ್ಲು ಆ ಮಳೆಗಾಲದಲ್ಲಿ ಮತ್ತೆ ಚೇತರಿಸಿಕೊಳ್ಳುವುದು ಕಷ್ಟ, ಆದ್ದರಿಂದ ಅಷ್ಟಕ್ಕೆ ಬರುವ ಮೊದಲೇ ದನವನ್ನು ಮುಂದಿನ ತುಂಡಿಗೆ ಸಾಗಿಸಬೇಕು.

ಕರ್ಕಿ ಕಡೆಯ ಗಾರ್ಡೊಬ್ಬನಿದ್ದ, ಮಾತಿಗೆ ನಿಂತರೆ ಯಕ್ಷಗಾನದ ವೇಷಧಾರಿಯ ಹಾಗೆ ನಿಲ್ಲುವವನು. ಚೌಕಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ, "ಸಾಯ್ಬರೆ, ಇದ್ನ ಹಿಡ್ಕಂಡು ಊರೊಳಗೆ ಹೋದ್ರೆ ಹಪ್ಪಳ ಒಣಗ್ಸೂಕೆ ಬಂದ್ರಾ ಕೇಳ್ತ್ರು" ಎಂದ. ಆದರೆ ಎಲ್ಲರಿಗಿಂತ ಮೊದಲು ಅದನ್ನು ಎಸೆದು ಕೂತು ಎಣಿಸಿದವನೂ ಅವನೇ. ಕುಮಟಾ ಕಡೆಯ ಕೆಲಸಕ್ಕೆ ಅವನನ್ನೇ ನನ್ನ ಜೊತೆಗೆ ಕೇಳಿ ಪಡೆದೆ.

ಕುಮಟಾದ ಬಾಡ ಎಂಬಲ್ಲಿಗೆ ಹತ್ತಿರದ ಒಂದು ಊರಿನಲ್ಲಿ ನಮ್ಮ ನಿಯಮದ ಮೊದಲ ಪ್ರಯೋಗ ಎಂದು ರೇಂಜರ್ ಸಾಹೇಬರು ಗುರುತು ಹಾಕಿದ್ದರು. ಅವರು ಧಾರವಾಡದ ಕಡೆಯವರು, ಮಾತು ಕಡಿಮೆ, ಕೆಲಸ ನೋಡದೆ ಯಾವುದಕ್ಕೂ ತಲೆಯಾಡಿಸುವವರಲ್ಲ. "ನವರಾತ್ರಿ ಮುಗದ ಮ್ಯಾಲೆ ನಾನಽ ಬಂದು ನೋಡತೀನಿ. ಹುಲ್ಲು ಬಂದಿದ್ರ ಬೇಣ ಅವರಿಗೆ. ಇಲ್ಲಂದ್ರ ಸಸಿ ತಯಾರ ಐತಿ" ಎಂದಿದ್ದರು. ಆ ಊರಿನ ಬೇಣ ಮೂರೂ ತಾಲೂಕುಗಳ ಪೈಕಿ ತೀರಾ ಹಾಳಾಗಿದ್ದ ಬೇಣ. ಮೇಲೆ ನಿಂತರೆ ಸಮುದ್ರ ಕಾಣುವ ಚೆಂದದ ಗುಡ್ಡ, ಆದರೆ ಕಾಲಡಿಗೆ ಬರೀ ಕೆಂಪು ಜಂಬಿಟ್ಟಿಗೆ. ಚೌಕಟ್ಟು ಎಸೆದಲ್ಲೆಲ್ಲ ಕಲ್ಲೇ ಸಿಕ್ಕಿತು.

ಊರಿನಲ್ಲಿ ನಾಲ್ಕು ಕೇರಿ. ಗುಡ್ಡದ ಬುಡದಲ್ಲಿ ಮೇಲಿನಕೇರಿ, ಅಲ್ಲಿಯ ಯಜಮಾನರಿಗೆ ಊರಿನಲ್ಲಿ ದೊಡ್ಡ ಹಿಂಡು, ದೊಡ್ಡ ದನಿ. ಗದ್ದೆಯಂಚಿನಲ್ಲಿ ಕೆಳಗಿನಕೇರಿ, ಬತ್ತದ ಗೇಣಿ ಮತ್ತು ತರಕಾರಿಯ ಮೇಲೆ ಬದುಕುವವರು, ಮನೆಗೆ ಒಂದೆರಡು ದನ. ನಡುವೆ ಇನ್ನೆರಡು ಕೇರಿ. ನಾನೂ ಗಾರ್ಡೂ ಊರವರನ್ನು ಕರೆದುಕೊಂಡು ಬೇಣ ಸುತ್ತಿದೆವು. ನೀರು ಕುಡಿಯುವ ಹೊಂಡಕ್ಕೆ ನಾಲ್ಕೂ ತುಂಡಿನಿಂದ ದಾರಿ ಇರುವ ಹಾಗೆ ಗಡಿ ಹಾಕಿ, ಗಡಿಯುದ್ದಕ್ಕೂ ಕಲ್ಲುಗುಪ್ಪೆ ಮಾಡಿಸಿದೆವು. ತುಂಡಿಗೊಂದು ದಣಪೆ, ಅಂದರೆ ಅಡ್ಡಕೋಲು ಸರಿಸಿ ತೆಗೆಯುವ ಬಾಗಿಲು, ನಿಲ್ಲಿಸಿದೆವು. ನಿಯಮವನ್ನು ಓದಿ ಹೇಳಿದೆ. ಪಟೇಲರು ತಲೆಯಾಡಿಸಿದರು, ಯಜಮಾನರು ತಲೆಯಾಡಿಸಿದರು, ಊರಿಗೂರೇ ತಲೆಯಾಡಿಸಿತು. ಇಷ್ಟು ಸಲೀಸಾಗಿ ಒಪ್ಪಿದ ಊರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಖುಷಿಯಿಂದ ಅವಲಕ್ಕಿ ಮಜ್ಜಿಗೆ ಹೊಡೆದು ಮುಂದಿನ ಊರುಗಳಿಗೆ ಹೋದೆ.

ಮತ್ತೆ ಬಂದದ್ದು ಮಳೆ ಹಿಡಿದು ಬತ್ತದ ನಟ್ಟಿ ಶುರುವಾದ ಮೇಲೆ. ಕಂಬಳಿಕೊಪ್ಪೆ ಹಾಕಿಕೊಂಡು, ಕಾಲಿಗೆ ಕಚ್ಚಿದ ಇಂಬಳ ಕಿತ್ತು ಎಸೆಯುತ್ತ ನಾನೂ ಗಾರ್ಡೂ ನೇರ ಬೇಣಕ್ಕೇ ಹತ್ತಿದೆವು. ಮುಚ್ಚಿದ ತುಂಡನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಒಂದು ಗೊರಸಿನ ಗುರುತಿಲ್ಲ. ಕಲ್ಲಿನ ಸಂದಿಯಿಂದೆಲ್ಲ ಹಸಿರು ಮೊಳಕೆ. ದಣಪೆಯ ಕೋಲುಗಳಿಗೆ ಯಾರೋ ಮುಳ್ಳು ಬೇರೆ ಬಿಗಿದಿದ್ದರು. "ಶಭಾಸ್" ಎಂದು ಗಾರ್ಡಿನ ಬೆನ್ನು ತಟ್ಟಿದೆ. ಅವನು ಮಾತ್ರ ಕಿವಿ ಕೊಟ್ಟು ನಿಂತಿದ್ದ. "ಸಾಯ್ಬರೆ, ದನ ಕೂಗೂದು ಕೇಳ್ತದ್ಯಾ? ಅದು ಬೇಣದಲ್ಲಲ್ಲ, ಕೊಟ್ಟಿಗೆಯಲ್ಲಿ."

ಕೆಳಗಿನಕೇರಿಗೆ ಇಳಿದೆವು. ಆ ಹಗಲು ಹೊತ್ತಿನಲ್ಲಿ ಕೇರಿಯ ದನವೆಲ್ಲ ಕಟ್ಟಿದ ಕಡೆಯೇ ನಿಂತಿದ್ದವು. ಬೆನ್ನಿನ ಮೂಳೆ ಎದ್ದಿತ್ತು. ಒಬ್ಬ ಹೆಂಗಸು ನೆನೆದ ಸೊಪ್ಪಿನ ದೊಡ್ಡ ಹೊರೆ ಹೊತ್ತು ಅಂಗಳಕ್ಕೆ ಬಂದಳು. ನಟ್ಟಿಗದ್ದೆಯಲ್ಲಿ ಹಾಡು ಎತ್ತಿಕೊಡುವವಳು ಅವಳೇ ಎಂದು ಗಾರ್ಡು ಹಿಂದೆಯೇ ತೋರಿಸಿದ್ದ. ಹೊರೆ ಇಳಿಸಿ, ಗಬ್ಬದ ದನವೊಂದರ ಮುಂದೆ ಸೊಪ್ಪು ಹರಡಿದಳು. ದನ ಮೂಸಿ ನೋಡಿ ಮುಖ ತಿರುಗಿಸಿತು.

"ಅಕ್ಕ, ಮೇಯೂ ಹೊತ್ತಲ್ಲಿ ದನ ಯಾಕೆ ಕಟ್ಟಿ ಹಾಕಿದ್ದು?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಎಂತ ಕೇಳ್ತ್ರಿ ಸಾಯ್ಬರೆ? ನೀವೇ ಹೇಳಿದ್ದಲ್ದ? ನಮ್ಮ ಪಾಲಿನ ಬೇಣಕ್ಕೆ ಈ ವರ್ಷ ವಿಶ್ರಾಂತಿ."

"ನಿಮ್ಮ ಪಾಲಾ? ಬೇಣಕ್ಕೆ ಪಾಲು ಯಾರು ಮಾಡಿದ್ದು?"

"ದೇವ್ರು ಮಾಡಿದ್ದು" ಎಂದಳು.

ಆಗ ವಿಷಯ ಬಿಚ್ಚಿಕೊಂಡಿತು. ಆ ಊರಿನಲ್ಲಿ ಯಾವುದನ್ನೂ ಒಟ್ಟಿಗೆ ಅನುಭವಿಸಿ ಗೊತ್ತಿಲ್ಲ, ಹಂಚಿಕೊಂಡೇ ಗೊತ್ತು. ಊರಕೆರೆಯ ಮೀನಾಗಲಿ, ಸಾರ್ವಜನಿಕ ಮಾವಿನಮರದ ಕಾಯಾಗಲಿ, ದೇವಸ್ಥಾನದ ಕಾರ್ಯದಲ್ಲಿ ಯಾರು ತೋರಣ ಕಟ್ಟಬೇಕು ಎಂಬುದಾಗಲಿ, ಕೇರಿಗೊಂದು ಪಾಲು. ಸರಕಾರದವರು ಬಂದು ಬೇಣವನ್ನು ನಾಲ್ಕು ತುಂಡು ಮಾಡಿದ್ದನ್ನು, ಊರಲ್ಲಿ ನಾಲ್ಕು ಕೇರಿ ಇರುವುದನ್ನು ನೋಡಿದ ಮೇಲೆ ಅವರಿಗೆ ಸಂಶಯವೇ ಉಳಿದಿರಲಿಲ್ಲ. ನಾನು ಹೋದ ಮರುದಿನವೇ ದೇವಸ್ಥಾನದಲ್ಲಿ ಸೇರಿ ಪ್ರಸಾದ ಕೇಳಿದ್ದರು. ದೇವರ ಮೈಗೆ ಅಂಟಿಸಿದ ಅಡಿಕೆ ಹಿಂಗಾರದ ಎಸಳು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಒಂದೊಂದು ತುಂಡಿಗೂ ಹೀಗೆ ಕೇಳಿ ನಾಲ್ಕು ಕೇರಿಗೆ ಹಂಚಿದ್ದರು. ಮೊದಲ ವರ್ಷ ಮುಚ್ಚಲು ನಾವು ಗುರುತು ಹಾಕಿದ್ದ ತುಂಡು ಕೆಳಗಿನಕೇರಿಯ ಪಾಲಿಗೆ ಬಂದಿತ್ತು. ಅಂದರೆ ಈ ವರ್ಷ ಕೆಳಗಿನಕೇರಿಯ ದನ ಉಪವಾಸ, ಮುಂದಿನ ವರ್ಷ ಇನ್ನೊಂದು ಕೇರಿಯದು. ದೇವರು ಕೊಟ್ಟ ಪಾಲು ಎಂದು ಕೇರಿಯವರು ಒಂದು ಮಾತಾಡದೆ ಒಪ್ಪಿಕೊಂಡು, ದೂರದ ಕಾಡಿನ ಹಾಡಿಯಿಂದ ಸೊಪ್ಪು ಹೊತ್ತು ತರುತ್ತಿದ್ದರು.

ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ನನಗೇ ತಿಳಿಯಲಿಲ್ಲ. ಆ ಹೆಂಗಸಿನ ಮೇಲೆ ಅಲ್ಲ, ಅದು ಖಂಡಿತ.

ಹೊರಗೆ ಬಂದ ಮೇಲೆ ಗಾರ್ಡು ಮೆಲ್ಲಗೆ ನೆನಪಿಸಿದ. ಊರವರು ನಿಯಮವನ್ನು ತಪ್ಪಾಗಿ ನಡೆಸಿದರೆ ಪ್ರಯೋಗ ನಿಲ್ಲಿಸಿ ವರದಿ ಕಳಿಸಬೇಕು ಎಂದು ನಮಗೆ ಆಜ್ಞೆ ಇತ್ತು. "ವರದಿ ಹೋದ್ರೆ ಬೇಣ ಹೋತು ಸಾಯ್ಬರೆ. ಗಾಳಿಮರ ಬತ್ತದೆ. ಆಮೇಲೆ ಒಂದು ಕೇರಿಯದ್ದಲ್ಲ, ನಾಕೂ ಕೇರಿ ದನ ಹೀಗೇ ನಿಲ್ತದೆ." ವರದಿ ಬರೆಯುವುದಿಲ್ಲ ಎಂದೆ. ಬರೆಯದೆ ಏನು ಮಾಡುವುದು ಎಂಬುದು ಮಾತ್ರ ಗೊತ್ತಿರಲಿಲ್ಲ.

ಅಂದೇ ಸಂಜೆ ದೇವಸ್ಥಾನದ ಪೌಳಿಯಲ್ಲಿ ಊರವರನ್ನು ಸೇರಿಸಿದೆ. ಮಾಡಿನಿಂದ ನೀರು ಇಳಿಯುವ ಸದ್ದಿಗೆ ಎಲ್ಲರೂ ದನಿ ಏರಿಸಿಯೇ ಮಾತಾಡಬೇಕಿತ್ತು. ನನಗೆ ಅದಕ್ಕೆ ಮಳೆ ಬೇಕಾಗಿರಲಿಲ್ಲ. "ಸರಕಾರ ಹೇಳಿದ್ದು ನೆಲಕ್ಕೆ ವಿಶ್ರಾಂತಿ, ದನಕ್ಕೆ ಉಪವಾಸ ಅಲ್ಲ!" ಎಂದು ಕೂಗಿದೆ. "ನಾಲ್ಕು ತುಂಡೂ ನಾಲ್ಕು ಕೇರಿಗೂ ಒಟ್ಟಿಗೆ ಸೇರಿದ್ದು. ಪಾಲು ಅಳಿಸಿ, ದನ ಒಟ್ಟು ಮಾಡಿ."

ಮೇಲಿನಕೇರಿಯ ಯಜಮಾನರು ಎಲೆಯಡಿಕೆ ಕವಳದ ಬಾಯಿ ಖಾಲಿ ಮಾಡಿಕೊಂಡು ಬಂದು ಕೂತರು. "ಪ್ರಸಾದ ಆದದ್ದು ಆತು ಸಾಯ್ಬರೆ. ದೇವ್ರು ಕೊಟ್ಟ ಪಾಲು ತಿರುಗಿ ಹಂಚೂಕೆ ನಾವ್ಯಾರು, ನೀವ್ಯಾರು? ನಮ್ಮ ಕೇರಿಗೆ ಕಲ್ಲುಗುಡ್ಡೆ ಬಂದಿದ್ರೂ ನಾವು ಸುಮ್ನೇ ಇರ್ತಿದ್ವಿ."

"ಹಾಂಗಾರೆ ಮತ್ತೊಂದ್ಸಲ ಪ್ರಸಾದ ಕೇಳೂವ" ಎಂದರು ಪಟೇಲರು. ಅವರಿಗೆ ಯಾರೊಂದಿಗೂ ಜಗಳ ಬೇಡ.

"ಒಂದೇ ಮಾತ್ನ ದೇವ್ರ ಹತ್ರ ಎರಡು ಸಲ ಕೇಳೂದಾ? ಬೇಡ ಬೇಡ" ಎಂದು ಎಲ್ಲ ಕೇರಿಯವರೂ ಒಟ್ಟಿಗೆ ಅಂದರು. ಕೆಳಗಿನಕೇರಿಯವರೂ ಅಂದರು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಮಾತು ಮುಂದೆ ಹೋಗಲಿಲ್ಲ. ಸೊಪ್ಪು ಹೊತ್ತಿದ್ದ ಆ ಹೆಂಗಸು ಕಂಬದ ಬದಿಯಿಂದ ಎದ್ದಳು. "ಸಾಯ್ಬರೆ, ಮಾತು ಬೇಗ ಮುಗ್ಸಿ. ಬೆಳಗಾದ್ರೆ ಯಜಮಾನ್ರ ಗದ್ದೆಗೇ ನಟ್ಟಿಗೆ ಹೋಗೂದು ಅದೆ. ನಮ್ಮ ಕೇರಿ ಹೆಂಗಸ್ರೆಲ್ಲ ಅವ್ರಿಗೆ ಮುಯ್ಯಿ ಕೊಡೂದು ಬಾಕಿ."

ನಟ್ಟಿ, ಕೊಯ್ಲಿನ ಹೊತ್ತಿನಲ್ಲಿ ಕೂಲಿಯ ಮಾತಿಲ್ಲದೆ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ದುಡಿಯುವುದು, ಅವರು ಇವರ ಗದ್ದೆಗೆ ಬಂದು ಅದನ್ನು ತೀರಿಸುವುದು, ಇದು ಮುಯ್ಯಿ. ನನ್ನ ಅಮ್ಮನೂ ಮಾಡಿದ್ದಳು. ಹುಟ್ಟಿದಾಗಿನಿಂದ ಕೇಳಿದ ಮಾತು. ಆದರೆ ಆ ಸಂಜೆ ಅದು ನನ್ನ ಕಿವಿಗೆ ಬಿದ್ದಾಗ ನಾನು ನಕ್ಷೆ ಸುತ್ತುತ್ತಿದ್ದವನು ಕೈ ನಿಲ್ಲಿಸಿದೆ.

"ಅಕ್ಕ, ಮುಯ್ಯಿಗೆ ಹೋಗೂವಾಗ ಪ್ರಸಾದ ಕೇಳ್ತ್ರಾ?"

ಹೆಂಗಸರೆಲ್ಲ ಗೊಳ್ಳನೆ ನಕ್ಕರು. "ಮುಯ್ಯಿಗೆ ದೇವ್ರನ್ನ ಕೇಳ್ತಾ ಕೂತ್ರೆ ನಟ್ಟಿ ಮುಗೂದು ದೀಪಾವಳಿಗೆ" ಎಂದಳು ಅವಳು.

ನಾನು ಎದ್ದು ನಿಂತೆ. "ಹಾಗಾದರೆ ಕೇಳಿ. ದೇವರು ಕೊಟ್ಟ ಪಾಲು ಹಾಗೇ ಇರಲಿ, ನಾನು ಮುಟ್ಟುವುದಿಲ್ಲ. ಈ ವರ್ಷ ಕೆಳಗಿನಕೇರಿಯ ತುಂಡು ಮುಚ್ಚಿದೆ. ಉಳಿದ ಮೂರು ಕೇರಿಯವರು ನಿಮ್ಮ ನಿಮ್ಮ ಹುಲ್ಲನ್ನು ಅವರ ದನಕ್ಕೆ ಮುಯ್ಯಿ ಕೊಡಿ. ಬರುವ ವರ್ಷ ಮೇಲಿನಕೇರಿಯ ತುಂಡು ಮುಚ್ಚುತ್ತೇನೆ. ಆಗ ಇವರ ಹುಲ್ಲು ನಿಮಗೆ ಬರುತ್ತದೆ. ಹೀಗೇ ನಾಲ್ಕೂ ಕೇರಿ."

ಹುಲ್ಲನ್ನು ಮುಯ್ಯಿ ಕೊಟ್ಟದ್ದು ಆ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ, ಆದರೆ ಮುಯ್ಯಿ ಆಗುವುದಿಲ್ಲ ಎಂದು ಹೇಳಿದವನ ಗದ್ದೆಗೆ ಮಾರನೆಯ ದಿನ ಯಾರು ಹೋಗುತ್ತಾರೆ? ಯಜಮಾನರು ಆ ಹೆಂಗಸಿನ ಕಡೆ ಒಮ್ಮೆ, ಹೊರಗಿನ ಮಳೆಯ ಕಡೆ ಒಮ್ಮೆ ನೋಡಿದರು. ಕೊನೆಗೆ ಹೇಳಿದರು: "ಸರಕಾರ ಅಂದ್ರೆ ನಾವು ಕೊಡೂದಿಲ್ಲ. ದಾನ ಅಂದ್ರೆ ಅವ್ರು ತಕಂಬುದಿಲ್ಲ. ಮುಯ್ಯಿ ಅಂದ್ರೆ ಆಗ್ಲಿ."

ಮರುದಿನ ಕೆಳಗಿನಕೇರಿಯ ದನ ಬೇಣ ಹತ್ತಿತು. ಗಬ್ಬದ ಆ ದನ ಹತ್ತುವಾಗ ಎರಡು ಕಡೆ ನಿಂತು ಸುಧಾರಿಸಿಕೊಂಡಿತು. ಮೇಲೆ ತಲುಪಿದ್ದೇ ತಲೆ ತಗ್ಗಿಸಿದ್ದು, ನಾವು ಇಳಿಯುವವರೆಗೆ ತಲೆ ಎತ್ತಲಿಲ್ಲ. ಹುಲ್ಲು ಹರಿಯುವ ಆ ಸದ್ದನ್ನು ಕೇಳುತ್ತ ಮಳೆಯಲ್ಲೇ ಕೂತಿದ್ದೆ. ಅಷ್ಟು ಸುಖ ನನಗೆ ಯಾವ ಊಟದಲ್ಲೂ ಸಿಕ್ಕಿಲ್ಲ.

ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಕೆಳಗಿನಕೇರಿಯ ದನ ಕೆಲವು ದಿನ ಈ ಕೇರಿಯ ತುಂಡಿನಲ್ಲಿ, ಕೆಲವು ದಿನ ಆ ಕೇರಿಯ ತುಂಡಿನಲ್ಲಿ ಮೇದವು. ಆದರೆ ಉಳಿದ ಮೂರು ಕೇರಿಯ ದನ ತಮ್ಮ ತಮ್ಮ ತುಂಡು ಬಿಟ್ಟು ಕದಲಲಿಲ್ಲ. ನಮ್ಮ ನಿಯಮದ ಜೀವವೇ ದನ ಸಾಗುವುದರಲ್ಲಿ ಇತ್ತು. ಹಿಂಡು ಒಂದೇ ಕಡೆ ನಿಂತರೆ ಎಳೆ ಚಿಗುರನ್ನೇ ಮತ್ತೆ ಮತ್ತೆ ಕಚ್ಚುತ್ತದೆ, ಬೇರು ಸೋಲುತ್ತದೆ. ಆಷಾಢ ಕಳೆಯುವ ಹೊತ್ತಿಗೆ ಮೇಲಿನಕೇರಿಯವರು ಕೆಳಗಿನಕೇರಿಯ ದನ ಬಾರದ ಹಾಗೆ ತಮ್ಮ ದಣಪೆಯನ್ನು ಹಾಕಿಯೇಬಿಟ್ಟರು. ಸುದ್ದಿ ತಂದವನು ಗಾರ್ಡು. "ಹುಲ್ಲು ಮುಗೂತು, ಇನ್ನು ಕೊಟ್ರೆ ನಮ್ಗೇ ಇಲ್ಲ ಅಂಬ್ರು."

ನಾನು ಹೋದಾಗ ಯಜಮಾನರು ದಣಪೆಯ ಹತ್ತಿರವೇ ನಿಂತಿದ್ದರು. ವಾದಕ್ಕೆ ಇಳಿಯಲಿಲ್ಲ. ಚೌಕಟ್ಟನ್ನು ಅವರ ಕೈಗೆ ಕೊಟ್ಟೆ. "ನೀವೇ ಎಸೀರಿ" ಎಂದೆ. ಅವರು ಅನುಮಾನದಿಂದಲೇ ಬೆನ್ನ ಹಿಂದಕ್ಕೆ ಎಸೆದರು. ಬಿದ್ದಲ್ಲಿ ಕೂತು ಬೆರಳು ಇಟ್ಟೆವು. ಮೂರು ಬೆರಳೂ ಇರಲಿಲ್ಲ. ಅಲ್ಲಿಂದ ಎಲ್ಲರೂ ಪಕ್ಕದ ಕೇರಿಯ ತುಂಡಿಗೆ ನಡೆದೆವು. ಅಲ್ಲಿ ದನ ಕಡಿಮೆ, ಹುಲ್ಲು ಒಂದು ಗೇಣು ಇತ್ತು. ಯಜಮಾನರು ಈ ಸಲ ಕೇಳದೆಯೇ ಚೌಕಟ್ಟು ಎಸೆದರು. ಇನ್ನೊಮ್ಮೆ ಎಸೆದರು. ದೊಡ್ಡವರಿಗೂ ಎಸೆಯುವ ಆಟ ರುಚಿಸುತ್ತದೆ.

"ಯಜಮಾನ್ರೆ, ನಟ್ಟಿ ಹೇಗೆ ಮಾಡ್ತ್ರಿ? ನಾಲ್ಕು ಮನೆಯವರು ನಾಲ್ಕು ಗದ್ದೆಯಲ್ಲಿ ಬೇರೆ ಬೇರೆ ನಿಲ್ತ್ರಾ?"

"ಅದೆಂತ ಮಾತು? ಎಲ್ಲರೂ ಒಂದೇ ಗದ್ದೆಗೆ ಇಳೂದು. ಅದು ಮುಗ್ದ ಮೇಲೆ ಇನ್ನೊಬ್ಬರದ್ದು."

"ದನವೂ ಹಾಗೇ ಇಳಿಯಲಿ. ಊರ ಹಿಂಡೆಲ್ಲ ಸೇರಿ ಒಂದೇ ತುಂಡು. ನಾಲ್ಕು ಬೆರಳಿಗೆ ಬಂದ ಕೂಡಲೇ ಮುಂದಿನದು. ನಿಮ್ಮದು ಬಿಟ್ಟು ಹೋದ ಮೇಲೆ ನಿಮ್ಮದು ಎದ್ದು ನಿಲ್ಲುತ್ತದೆ."

ಯಜಮಾನರು ತಮ್ಮ ಬೋಳು ತುಂಡಿನ ಕಡೆ ನೋಡಿ ನಿಟ್ಟುಸಿರುಬಿಟ್ಟರು. "ಇದ್ನ ನೀವು ಬೇಸಿಗೆಯಲ್ಲೇ ಹೇಳೂಕೆ ಆಗ್ಲಿಲ್ವ?" ಎಂದರು. ನಾನು ಹೇಳಿದ್ದೆ, ಕಾಗದದಲ್ಲಿ ಇದ್ದದ್ದೇ ಇದು. ಆದರೆ ಅಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವಷ್ಟು ಬುದ್ಧಿ ನನಗೆ ಆ ಮಳೆಗಾಲದಲ್ಲಿ ಬಂದಿತ್ತು.

ಮೊದಲ ದಿನ ಹೋರಿಗಳ ಕಾದಾಟ, ಕರುಗಳ ಕೂಗಾಟ, ನಾಲ್ಕು ಕೇರಿಯ ದನ ಕಾಯುವವರ ಬೈಗುಳ. ಗಾರ್ಡು ನಡುವೆ ನಿಂತು ತಾಳಮದ್ದಳೆಯಲ್ಲಿ ರಣರಂಗದ ಅರ್ಥ ಹೇಳುವವನ ಹಾಗೆ ಕೈ ಬೀಸಿ ಕೂಗುತ್ತಿದ್ದ. ಕ್ರಮೇಣ ಹಿಂಡು ಒಂದಾಯಿತು. ಶ್ರಾವಣದ ಬಿಸಿಲು ಮಳೆಗೆ ಮೇಲಿನಕೇರಿಯ ತುಂಡು ಮತ್ತೆ ಹಸಿರಾದದ್ದನ್ನು ಯಜಮಾನರೇ ದಿನಾ ಹೋಗಿ ಬೆರಳಿಟ್ಟು ನೋಡಿ ಬರುತ್ತಿದ್ದರಂತೆ. ಕೆಳಗಿನಕೇರಿಯ ಆ ದನ ಚೌತಿಯ ಆಸುಪಾಸಿನಲ್ಲಿ ಕರು ಹಾಕಿತು. ಆ ಹೆಂಗಸು ಗಿಣ್ಣು ಮಾಡಿ ನನಗೂ ಗಾರ್ಡಿಗೂ ಬಾಳೆಲೆಯಲ್ಲಿ ಕೊಟ್ಟಳು. ಗಾರ್ಡು ಎರಡು ಸಲ ಹಾಕಿಸಿಕೊಂಡ, ನಾನು ಮೂರು ಸಲ.

ನವರಾತ್ರಿ ಮುಗಿದ ಮೇಲೆ ಮಾತು ಕೊಟ್ಟ ಹಾಗೆ ರೇಂಜರ್ ಸಾಹೇಬರು ಬಂದರು. ಊರಿಗೆ ಊರೇ ಮುಚ್ಚಿದ ತುಂಡಿನ ದಣಪೆಯ ಹೊರಗೆ ನಿಂತಿತ್ತು, ಒಳಗೆ ಬಂದವರು ಸಾಹೇಬರು, ನಾನು, ಗಾರ್ಡು ಮೂವರೇ. ಕರಡ ಸೊಂಟದವರೆಗೆ ಬಂದಿತ್ತು. ಎಲ್ಲ ಕಡೆ ಅಲ್ಲ. ಕಲ್ಲು ಎದ್ದಿದ್ದ ಜಾಗ ಹಲವು ಹಾಗೇ ಬೋಳಾಗಿ ಉಳಿದಿದ್ದವು, ಬಡಗಣ ಮೂಲೆಯಲ್ಲಿ ಚಗಟೆಯೇ ಗೆದ್ದಿತ್ತು. ಸಾಹೇಬರು ನನ್ನ ಕೈಯಿಂದ ಚೌಕಟ್ಟು ತೆಗೆದುಕೊಂಡು ತಾವೇ ಎಸೆದರು, ಕೂತು ನೋಡಿದರು, ಎದ್ದರು, ಮತ್ತೆ ಎಸೆದರು. ಹುಲ್ಲಿನ ಬೀಜ ಅವರ ಕಾಲುಚೀಲದ ತುಂಬ ಚುಚ್ಚಿಕೊಂಡಿತ್ತು. ಅವರು ಕೆರೆದುಕೊಳ್ಳದೆ ಇನ್ನೊಂದು ಕಡೆ ಎಸೆದರು. ಹೊರಗೆ ನಿಂತವರ ಕಡೆ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

"ಊರಾಗ ಏನೋ ಮುಯ್ಯಿ ಮುಯ್ಯಿ ಅಂತ ಅನ್ನಾಕತ್ತಾರ. ನಮ್ಮ ನಿಯಮದಾಗ ಅದು ಯಾವ ಕಲಮಿನೊಳಗ ಐತ್ರಿ?" ಎಂದರು ಕೊನೆಗೆ.

"ನಿಯಮದಲ್ಲಿ ಇಲ್ಲ ಸರ್. ಅವರ ಗದ್ದೆಯಲ್ಲಿದೆ" ಎಂದು ನಡೆದದ್ದನ್ನೆಲ್ಲ ಹೇಳಿಬಿಟ್ಟೆ, ವರದಿ ಕಳಿಸದೆ ಉಳಿದದ್ದನ್ನೂ ಸೇರಿಸಿ.

ಸಾಹೇಬರು ಒಂದು ಕರಡದ ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿದರು. ಬೀಜ ಬಲಿತಿತ್ತು. ಊದಿ ನೆಲಕ್ಕೆ ಬಿಟ್ಟರು. "ಗಾಳಿಮರದ ಸಸಿ ಬ್ಯಾರೆ ಕಡೆ ಕಳಸ್ರಿ" ಎಂದು ಗಾರ್ಡಿಗೆ ಹೇಳಿ ದಣಪೆಯ ಕಡೆ ನಡೆದರು. ಗಾರ್ಡು ಸಲಾಂ ಹೊಡೆಯುವುದನ್ನು ಮರೆತು ಊರವರ ಕಡೆ ಎರಡೂ ಕೈ ಎತ್ತಿದ. ಆ ಕೂಗು ಬಾಡದ ದಂಡೆಯವರೆಗೂ ಕೇಳಿರಬೇಕು.

ಆ ಚಳಿಗಾಲ ನಾನು ಹೊನ್ನಾವರ, ಭಟ್ಕಳಗಳ ತರಬೇತಿಯನ್ನು ಹೊಸದಾಗಿ ಮಾಡಿದೆ. ನಕ್ಷೆ ತೂಗುಹಾಕುವ ಮೊದಲು, "ನಿಮ್ಮೂರಲ್ಲಿ ನಟ್ಟಿಗೆ ಯಾರು ಯಾರ ಗದ್ದೆಗೆ ಹೋಗ್ತಾರೆ?" ಎಂದು ಕೇಳಿ ಸುಮ್ಮನೆ ಕೂರುತ್ತಿದ್ದೆ. ಜನ ತಾವೇ ಶುರುಮಾಡುತ್ತಿದ್ದರು. ಮಾವಳ್ಳಿ ಒಪ್ಪಿತು. ಕೆಲವು ಊರು ಒಪ್ಪಲಿಲ್ಲ, ಅವರವರ ಕಾರಣ ಅವರಿಗೆ.

ಮರುವರ್ಷ ಮೊದಲ ಮಳೆಗೆ ಬಾಡದ ಕಡೆಯ ಆ ಊರಿನಲ್ಲಿ ಮೇಲಿನಕೇರಿಯ ತುಂಡು ಮುಚ್ಚಬೇಕಿತ್ತು. ನಾನು ಭಟ್ಕಳದಲ್ಲಿದ್ದೆ. ಗಾಳಿಮಳೆಗೆ ಶರಾವತಿಯ ದೋಣಿ ನಿಂತು, ಹೇಳಿದ ದಿನಕ್ಕೆ ತಲುಪಲಾಗಲಿಲ್ಲ. ನಾನಿಲ್ಲದೆ ಏನು ಎಡವಟ್ಟು ಮಾಡಿಕೊಂಡರೋ ಎಂದು ದಾರಿಯುದ್ದಕ್ಕೂ ಗೊಣಗುತ್ತ ಗುಡ್ಡ ಹತ್ತಿದರೆ, ಮೇಲಿನಕೇರಿಯ ದಣಪೆ ಆಗಲೇ ಹಾಕಿತ್ತು. ಕೋಲಿಗೆ ಮುಳ್ಳೂ ಬಿಗಿದಿತ್ತು.

ಆದರೆ ಮೇಲಿನಕೇರಿಯ ಇಡೀ ಹಿಂಡು ಕೆಳಗಿನಕೇರಿಯ ದಣಪೆಯ ಹೊರಗೆ ನೆನೆಯುತ್ತ ನಿಂತಿತ್ತು. ಒಳಗೆ ಉಳಿದ ಕೇರಿಗಳ ದನ ಮೇಯುತ್ತಿದ್ದವು. ಯಜಮಾನರು ಕೋಲಿಗೆ ಕೈ ಹಚ್ಚದೆ ದೂರ ನಿಂತಿದ್ದರು. ಕಳೆದ ವರ್ಷ ಕೊಟ್ಟವರು ಅವರು, ಮಧ್ಯದಲ್ಲಿ ದಣಪೆ ಹಾಕಿದವರೂ ಅವರೇ. ಈಗ ತೆಗೆದುಕೊಳ್ಳುವ ಸರದಿ. ನನ್ನನ್ನು ಕಂಡದ್ದೇ ಅವರ ಮುಖ ಸಡಿಲವಾಯಿತು. "ಬಂದ್ರಾ ಸಾಯ್ಬರೆ? ಒಂದು ಮಾತು ನೀವೇ ಹೇಳಿಬಿಡಿ."

ನಾನು ಹೇಳಲಿಲ್ಲ. ಅಷ್ಟರಲ್ಲಿ ಆ ಹೆಂಗಸು ಗದ್ದೆಯ ಕೆಸರುಕಾಲಿನಲ್ಲೇ ಗುಡ್ಡ ಹತ್ತಿ ಬಂದಳು. ನೆನೆದ ದನಗಳನ್ನು, ಯಜಮಾನರನ್ನು, ನನ್ನನ್ನು ನೋಡಿ ಸೊಂಟಕ್ಕೆ ಕೈ ಇಟ್ಟಳು.

"ಎಂತ ಯಜಮಾನ್ರೆ, ನಟ್ಟಿಗೆ ನಮ್ಮನ್ನ ಕರೀವಾಗ ಸಾಯ್ಬರನ್ನ ಮುಂದೆ ಮಾಡ್ಕಂಡು ಬತ್ರಾ? ಮುಯ್ಯಿಗೆ ಬಂದ ದನ ಮಳೆಯಲ್ಲಿ ನಿಲ್ಸೂದಾ?"

ಯಜಮಾನರು ತಲೆಯ ಕಂಬಳಿ ಸರಿಸಿ ಮುಖ ಒರೆಸಿಕೊಂಡರು. ಅವಳು ಮೇಲಿನ ಕೋಲು ಎಳೆದು ಅವರ ಕೈಗೇ ಕೊಟ್ಟಳು, ಎರಡನೆಯದನ್ನು ನನ್ನ ಕೈಗೆ ತುರುಕಿದಳು. ಅಂದು ನಾನು ಯಾರಿಗೂ ಏನನ್ನೂ ಕಲಿಸಲಿಲ್ಲ. ಹಿಂಡಿನ ಕೊನೆಯ ಕರು ಒಳಗೆ ಹೋಗುವವರೆಗೆ ಆ ಕೋಲು ಹಿಡಿದು ನಿಂತಿದ್ದೆ.